ಮೈನ್ ರಾಜ್ಯದ ಜನಸಂಖ್ಯೆ

ನಾನು ಒಮ್ಮೆಯೂ ಕಾಲಿಡದ ಒಂದು ರಾಜ್ಯದ ಬಗ್ಗೆ ನನಗೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತು. ಅದರ ಹೆಸರು ಮೈನ್. ಅಮೆರಿಕದ ನಕಾಶೆಯಲ್ಲಿ ಬಲಗಡೆಯ ಮೇಲಿನ ಮೂಲೆಯಲ್ಲಿ, ಕೆನಡಾದೊಳಕ್ಕೆ ತಲೆ ತೂರಿಸಿಕೊಂಡು ನಿಂತಿದೆ. ನಾನು ಹುಟ್ಟಿ ಬೆಳೆದ ಹೊನ್ನಾವರ ತಾಲೂಕಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ತಡವರಿಸುತ್ತೇನೆ. ಮೈನ್‌ನಲ್ಲಿ ಎಷ್ಟು ಜನ ಎಂದರೆ ಬಿಡಿ ಸ್ಥಾನದ ಅಂಕಿಯವರೆಗೂ ಹೇಳಬಲ್ಲೆ. ಇದನ್ನೆಲ್ಲ ನನಗೆ ಕಲಿಸಿದವಳು ನನ್ನ ಮಗಳು. ಅವಳು ಐದನೇ ಗ್ರೇಡಿನಲ್ಲಿದ್ದ ವರ್ಷ, ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಆ ಪಾಠ ನಡೆಯಿತು.

ನಾವು ಆಸ್ಟ್ರೇಲಿಯಾಕ್ಕೆ ಬಂದದ್ದು ನನ್ನ ಗಂಡನ ಓದಿಗಾಗಿ. ಅವರು ಮಲ್ಪೆಯ ಕಡೆಯವರು. ಅವರ ಅಪ್ಪನಿಗೆ ಮೀನಿನ ಬೋಟು ಇತ್ತು. ಅವರು ಬೋಟಿಗೆ ಹೋಗುವ ಬದಲು ಮಂಗಳೂರಿಗೆ ಹೋಗಿ ಮೀನುಗಾರಿಕೆಯ ಕೋರ್ಸು ಓದಿದರು. ನಾನು ಆಗ ಮಂಗಳೂರಿನಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಸಕ್ಕರೆ ಕಾಯಿಲೆಯ ತಾಯಿಯನ್ನು ಅವರು ತಿಂಗಳಿಗೊಮ್ಮೆ ಅಲ್ಲಿಗೆ ಕರೆತರುತ್ತಿದ್ದರು. ಸೂಜಿ ಚುಚ್ಚುವಾಗ ತಾಯಿ ನೆಟ್ಟಗೆ ನೋಡುತ್ತಾ ಕೂರುತ್ತಿದ್ದರು, ಮಗ ಮಾತ್ರ ಮುಖ ತಿರುಗಿಸುತ್ತಿದ್ದರು. ಅದನ್ನು ನೋಡಿ ನಗು ತಡೆದುಕೊಳ್ಳುತ್ತಿದ್ದೆ. ಎರಡೂ ಮನೆಯವರು ಒಪ್ಪುವುದಕ್ಕೆ ಒಂದು ವರ್ಷ ಹಿಡಿಯಿತು. ಮದುವೆಯಾಯಿತು, ಮಗಳು ಹುಟ್ಟಿದಳು, ಅವಳಿಗೆ ನಾಲ್ಕು ತುಂಬಿದಾಗ ಮೆಲ್ಬರ್ನ್‌ಗೆ ಬಂದೆವು. ಅವರು ಸಿಗಡಿ, ಏಡಿಗಳಿಗೆ ಬರುವ ರೋಗಗಳ ಮೇಲೆ ಪಿಎಚ್‌ಡಿ ಮಾಡಿದರು. ನಾನು ಮತ್ತೆ ಅದೇ ರಕ್ತ ತೆಗೆಯುವ ಕೆಲಸ ಹಿಡಿದೆ. ಇಲ್ಲೇ ಕಾಯಂ ಆಗಿ ನೆಲೆಸಲು ಪಿಆರ್ ಬಂತು. ಒಳ್ಳೆಯ ಸ್ಕೂಲುಗಳಿವೆ ಎಂದು ಟ್ರೇನ್ ಲೈನಿನ ಕೊನೆಯ ಸ್ಟೇಷನ್ ಗ್ಲೆನ್ ವೇವರ್ಲಿಗೆ ಮನೆ ಬದಲಾಯಿಸಿದೆವು.

ಪಿಎಚ್‌ಡಿ ಮುಗಿದ ಮೇಲೆ ಅವರಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಒಂದು ವರ್ಷ ಅರ್ಜಿ ಹಾಕಿದ್ದೇ ಹಾಕಿದ್ದು. ಆಮೇಲೆ ಮೈನ್‌ನ ಸಮುದ್ರ ಸಂಶೋಧನಾ ಕೇಂದ್ರವೊಂದರಿಂದ ಕರೆ ಬಂತು. ಅಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯಂಥ ಜೀವಿಯೇ ಜನರ ಬದುಕು. ಅದರ ಚಿಪ್ಪಿಗೆ ಬರುವ ರೋಗವನ್ನು ನೋಡಬೇಕು. ಎರಡು ವರ್ಷದ ಕೆಲಸ. ನಾವೂ ಹೋದರೆ ನನಗೆ ಅಲ್ಲಿ ದುಡಿಯಲು ಪರ್ಮಿಟ್ ಇಲ್ಲ, ಮಗಳ ಸ್ಕೂಲು ಬಿಡಿಸಬೇಕು. ಮೇಜಿನ ಮುಂದೆ ಕೂತು ಇಬ್ಬರೂ ಯೋಚಿಸಿದೆವು.

"ಎರಡೇ ವರ್ಷ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮುಗೀತದೆ," ಅಂದರು.

"ಹೋಗಿ ಬನ್ನಿ," ಅಂದವಳು ನಾನೇ. ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. ಇದನ್ನು ಬರೆಯುವಾಗ ಅದನ್ನು ಬಿಟ್ಟುಬಿಡಬಾರದು ಅನ್ನಿಸಿತು.

ಮೊದಲ ಕ್ರಿಸ್‌ಮಸ್ ರಜೆಗೆ ಮೂರು ವಾರ ಬಂದಿದ್ದರು. ಎರಡನೇ ವರ್ಷ ಬರಲಿಲ್ಲ. ಕೆಲಸ ಇನ್ನೊಂದು ವರ್ಷ ಮುಂದುವರಿಯಿತು ಎಂದರು. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬರುತ್ತಿತ್ತು. ಅವರಿಗೆ ಅದು ಶನಿವಾರ ಸಂಜೆ. ಮೊದಮೊದಲು ಒಂದು ಗಂಟೆ ಮಾತಾಡುತ್ತಿದ್ದೆವು. ಆಮೇಲಾಮೇಲೆ ಹದಿನೈದು ನಿಮಿಷಕ್ಕೆ ಇಳಿಯಿತು, ಅದರಲ್ಲೂ ಹೆಚ್ಚು ಹೊತ್ತು ಮಗಳ ಜೊತೆ. ಅವರು ಕನ್ನಡದಲ್ಲಿ ಕೇಳುತ್ತಿದ್ದರು, ಅವಳು ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲ ಮಾತೂ ಹಾಗೆಯೇ ನಡೆಯುತ್ತಿತ್ತು. ನನ್ನ ಸರದಿ ಬಂದಾಗ ಅಲ್ಲಿ ಚಳಿ ಹೇಗಿದೆ, ಇಲ್ಲಿ ಮಳೆ ಹೇಗಿದೆ ಎಂದು ಮಾತಾಡಿ ಇಡುತ್ತಿದ್ದೆವು. ನನಗೆ ಅನುಮಾನ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಫೋನಿಟ್ಟ ಮೇಲೆ ಅಡಿಗೆಮನೆಗೆ ಹೋಗಿ ದೋಸೆ ಕಾವಲಿ ಇಡುತ್ತಿದ್ದೆ.

ಆ ವರ್ಷ ಚಳಿಗಾಲದ ಟರ್ಮ್ ಶುರುವಾದಾಗ ಮಗಳು ಸ್ಕೂಲಿನಿಂದ ಒಂದು ಹಾಳೆ ತಂದಳು. ಜಗತ್ತಿನ ಸಮುದ್ರ ತೀರದ ಯಾವುದಾದರೂ ಒಂದು ರಾಜ್ಯವನ್ನು ಆರಿಸಿಕೊಳ್ಳಬೇಕು, ಆಸ್ಟ್ರೇಲಿಯಾದ್ದು ಮಾತ್ರ ಬೇಡ. ಹಾಳೆಯಲ್ಲಿ ಮೂರು ಚೌಕ ಇದ್ದವು: ನೆಲ, ಇತಿಹಾಸ, ಜನ. ಎಂಟು ವಾರದ ಕೊನೆಗೆ ದೊಡ್ಡ ಚಾರ್ಟ್ ಮಾಡಿ ತಂದೆತಾಯಿಯರ ಎದುರು ಮಾತಾಡಬೇಕು.

"ಕರ್ನಾಟಕ ಮಾಡು. ನಮ್ಮ ಕಡೆಯೂ ಸಮುದ್ರ ಉಂಟಲ್ಲ," ಅಂದೆ.

"ಮೈನ್ ಮಾಡ್ತೀನಿ, ಅಪ್ಪನ ಹತ್ರ ಕೇಳ್ಬಹುದು," ಎಂದು ಇಂಗ್ಲಿಷ್‌ನಲ್ಲಿ ಹೇಳಿ, ಹೆಸರನ್ನು ದಪ್ಪ ಪೆನ್ನಿನಲ್ಲಿ ಬರೆದುಬಿಟ್ಟಳು.

ಮೊದಲ ವಾರಗಳಲ್ಲಿ ಅವಳಿಗೆ ಎಲ್ಲಿಲ್ಲದ ಉತ್ಸಾಹ. ಭಾನುವಾರದ ಫೋನಿಗೆ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದಳು. ಜೀವಂತ ಲಾಬ್‌ಸ್ಟರ್ ಕೆಂಪಲ್ಲ, ಹಸಿರು ಮಿಶ್ರಿತ ಕಂದು, ಬೇಯಿಸಿದಾಗ ಮಾತ್ರ ಕೆಂಪಾಗುತ್ತದೆ ಎಂದು ಅವಳಪ್ಪ ಹೇಳಿದ ದಿನ, ಅಂಟಿಸಿದ್ದ ಕೆಂಪು ಕಾಗದವನ್ನೆಲ್ಲ ಕಿತ್ತು ಬೇರೆ ಬಣ್ಣ ಹಚ್ಚಿದಳು.

ಮೂರನೇ ವಾರದ ಹೊತ್ತಿಗೆ ಅವಳು ಪ್ರಶ್ನೆ ಬರೆದಿಡುವುದನ್ನು ಬಿಟ್ಟಿದ್ದಳು. ಎಲ್ಲ ಲೈಬ್ರರಿಯಲ್ಲೇ ಸಿಗುತ್ತದೆ ಎಂದಳು. ನಾನು ನಂಬಿದೆ.

ನಕಾಶೆ ಬರೆಯುವ ಕೆಲಸದಲ್ಲಿ ನಾನೂ ಕೂತೆ. ಸಾವಿರಾರು ವರ್ಷಗಳ ಹಿಂದೆ ಮಂಜುಗಡ್ಡೆಯ ಭಾರಕ್ಕೆ ಅಲ್ಲಿಯ ನೆಲ ಕುಸಿದಿತ್ತಂತೆ. ಮಂಜು ಕರಗಿದಾಗ ಸಮುದ್ರ ಒಳಗೆ ನುಗ್ಗಿತಂತೆ. ಕಣಿವೆಗಳೆಲ್ಲ ಕೊಲ್ಲಿಗಳಾದವು, ಗುಡ್ಡದ ತಲೆಗಳೆಲ್ಲ ದ್ವೀಪಗಳಾದವು. ಹಾಗಾಗಿ ತೀರ ಹರಿದ ಬಟ್ಟೆಯ ಅಂಚಿನ ಹಾಗೆ ಇದೆ. ನೇರ ಗೆರೆ ಎಳೆದರೆ ನಾನೂರು ಕಿಲೋಮೀಟರೂ ಇಲ್ಲ. ಒಳಹೊರಗಿನ ಅಂಕುಡೊಂಕನ್ನೆಲ್ಲ ಹಿಡಿದು ಅಳೆದರೆ ಐದು ಸಾವಿರ ದಾಟುತ್ತದೆ. ಅದನ್ನು ತೋರಿಸಲು ತೀರದ ಉದ್ದಕ್ಕೂ ದಾರ ಅಂಟಿಸೋಣ ಎಂದಳು. ಅವಳು ಅಂಟು ಹಚ್ಚುತ್ತಾ ಹೋದಳು, ನಾನು ಹಲ್ಲುಕಡ್ಡಿಯ ತುದಿಯಿಂದ ದಾರವನ್ನು ಒಂದೊಂದೇ ಕೊಲ್ಲಿಯ ಒಳಗೆ ತಳ್ಳುತ್ತಾ ಹೋದೆ. ಒಂದು ಉಂಡೆ ಖಾಲಿಯಾಗಿ ಇನ್ನೊಂದು ತೆಗೆದೆವು. ಶರಾವತಿ ಸಮುದ್ರ ಸೇರುವ ಜಾಗದಲ್ಲಿ ನಮ್ಮೂರ ತೀರವೂ ಹೀಗೆ ಒಳಗೆ ಬಾಗುತ್ತದೆ ಎಂದು ಹೇಳಿದೆ. ಅವಳು ತಲೆ ಎತ್ತದೆ, "ಅಪ್ಪ ಇರೋದು ಇಲ್ಲಿ," ಎಂದು ಒಂದು ಸಣ್ಣ ಮೂಲೆಯನ್ನು ಬೆರಳಿನಿಂದ ಒತ್ತಿದಳು. ದಾರ ಇನ್ನೂ ಒದ್ದೆಯಾಗಿತ್ತು, ಅವಳ ಬೆರಳಿಗೆ ಅಂಟಿಕೊಂಡು ಬಂತು.

ಇತಿಹಾಸದ ಚೌಕವನ್ನು ಅವಳು ಒಬ್ಬಳೇ ಬರೆದಳು. ನನಗೆ ಓದಲು ಕೊಟ್ಟಳು. ಆ ನೆಲದ ಮೂಲ ಜನರು ತಮ್ಮನ್ನು ಬೆಳಗಿನ ನಾಡಿನವರು ಎಂದು ಕರೆದುಕೊಳ್ಳುತ್ತಾರೆ. ಆಮೇಲೆ ಫ್ರೆಂಚರು, ಇಂಗ್ಲಿಷರು ಬಂದು ಆ ನೆಲಕ್ಕಾಗಿ ಕಾದಾಡಿದರು. ರೋಗಗಳಿಂದಲೇ ಮೂಲ ಜನರಲ್ಲಿ ಎಷ್ಟೋ ಮಂದಿ ಸತ್ತರು. ಬಹಳ ಕಾಲ ಮೈನ್ ಮ್ಯಾಸಚೂಸೆಟ್ಸ್ ರಾಜ್ಯದ ಭಾಗವಾಗಿತ್ತು. 1820ರಲ್ಲಿ ಬೇರೆಯಾಯಿತು. ಇಷ್ಟನ್ನು ಪುಸ್ತಕದಿಂದ ತೆಗೆದಿದ್ದಳು. ಕೊನೆಯ ಎರಡು ಸಾಲು ಅವಳದೇ: ಮ್ಯಾಸಚೂಸೆಟ್ಸ್ ತುಂಬಾ ದೂರ ಇತ್ತು. ಯುದ್ಧ ಬಂದಾಗ ಕಾಪಾಡಲು ಬರಲಿಲ್ಲ.

"ಚೆನ್ನಾಗಿ ಬರೆದಿದ್ದಿ," ಅಂದೆ. ಸ್ಪೆಲಿಂಗ್ ನೋಡುವ ಭರದಲ್ಲಿದ್ದೆ. ಹತ್ತು ವರ್ಷದ ಹುಡುಗಿ ಆ ಎರಡು ಸಾಲನ್ನು ಯಾಕೆ ಸೇರಿಸಿದಳು ಎಂದು ನನಗೆ ಹೊಳೆಯಲೇ ಇಲ್ಲ.

ಏಳನೇ ವಾರದ ಶನಿವಾರ ಮಧ್ಯಾಹ್ನ ಉಳಿದದ್ದು ಜನರ ಚೌಕ ಒಂದೇ. ಅವಳು ಪೆನ್ಸಿಲ್‌ನಲ್ಲಿ ದೊಡ್ಡದಾಗಿ ಜನಸಂಖ್ಯೆ ಬರೆದು ಬಣ್ಣದ ಪೆನ್ನು ಹುಡುಕಲು ಎದ್ದಳು. ನಾನು ಪಕ್ಕದ ಪುಸ್ತಕ ನೋಡಿದೆ. 2000ದ ಗಣತಿಯಂತೆ ಹನ್ನೆರಡು ಲಕ್ಷದ ಎಪ್ಪತ್ನಾಲ್ಕು ಸಾವಿರದ ಒಂಬೈನೂರ ಇಪ್ಪತ್ಮೂರು. ಅವಳು ಕೊನೆಗೆ ಇಪ್ಪತ್ತೈದು ಬರೆದಿದ್ದಳು. ನಾನು ರಬ್ಬರ್ ತೆಗೆದುಕೊಂಡು ಐದನ್ನು ಅಳಿಸಿ ಮೂರು ಮಾಡಿದೆ.

ಅವಳು ಬಂದು ನೋಡಿದಳು. ಮೂರನ್ನು ಅಳಿಸಿ ಮತ್ತೆ ಐದು ಬರೆದಳು.

"ಪುಸ್ತಕದಲ್ಲಿ ಇಪ್ಪತ್ಮೂರು ಅಂತ ಉಂಟು ಮಗಾ."

"ಅದು 2000ದ ಲೆಕ್ಕ. ಅಪ್ಪ ಹೋಗಿದ್ದು ಆಮೇಲೆ."

ನನಗೆ ನಗು ಬಂತು. ಎಂಥ ಮುದ್ದು ಯೋಚನೆ ಎನ್ನಿಸಿತು. "ಹಾಗಾದ್ರೆ ಇಪ್ಪತ್ನಾಲ್ಕು ಆಗ್ತದೆ. ಒಂದೇ ಅಲ್ವಾ ಸೇರಿಸಬೇಕಾದ್ದು?"

ಅವಳು ಪೆನ್ಸಿಲ್ ಹಿಡಿದುಕೊಂಡೇ ನಿಂತಳು. ಮುಖ ಬಿಳಿಚಿಕೊಂಡಿತ್ತು. ಜ್ವರ ಬಂತೇನೋ ಎಂದು ನಾನು ಅವಳ ಹಣೆ ಮುಟ್ಟಲು ಹೋದೆ. ಅವಳು ಹಿಂದೆ ಸರಿದು ತನ್ನ ಕೋಣೆಗೆ ಹೋಗಿ ಅಟ್ಲಾಸ್ ತಂದಳು. ಅದರ ನಡುವಿನಿಂದ ನಾಲ್ಕು ಮಡಿಕೆ ಹಾಕಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

ಸ್ಕೂಲ್ ಲೈಬ್ರರಿಯಲ್ಲಿ ಪ್ರಿಂಟ್ ಮಾಡಿದ ಹಾಳೆ. ಪ್ರಾಜೆಕ್ಟಿಗೆ ಅಪ್ಪನ ಲ್ಯಾಬಿನ ಚಿತ್ರ ಹಾಕೋಣ ಎಂದು ಆ ಕೇಂದ್ರದ ವೆಬ್‌ಸೈಟ್ ತೆರೆದಿದ್ದಳಂತೆ. ಅಲ್ಲಿಯ ಬೇಸಿಗೆಯ ಪಿಕ್ನಿಕ್ಕಿನ ಫೋಟೊ. ಹುಲ್ಲಿನ ಮೇಲೆ ಉದ್ದ ಮೇಜು, ದೊಡ್ಡ ಹಂಡೆಯಿಂದ ಹಬೆ. ಚೌಕಳಿ ಅಂಗಿ ಹಾಕಿದ ನನ್ನ ಗಂಡನ ಮುಂಗೈ ಮೇಲೆ ಒಂದು ಕೂಸು ಕವುಚಿ ಮಲಗಿತ್ತು. ನನ್ನ ಮಗಳು ಕೂಸಾಗಿದ್ದಾಗ ಹೊಟ್ಟೆನೋವಿಗೆ ಅಳುತ್ತಿದ್ದರೆ ಹಾಗೆ ಮಲಗಿಸಿಕೊಂಡು ಓಡಾಡುತ್ತಿದ್ದರು. ಪಕ್ಕದಲ್ಲಿ ಕಂದು ಕೂದಲಿನ ಒಬ್ಬ ಹೆಂಗಸು ಅವರ ಭುಜಕ್ಕೆ ಕೈಯಿಟ್ಟು ನಗುತ್ತಿದ್ದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಅವರ ಹೆಸರು, ಆ ಹೆಂಗಸಿನ ಹೆಸರು, ಆಮೇಲೆ ಮೂರು ಪದ: ಅವರ ಪುಟ್ಟ ಮಗಳು.

"ಆ ಆಂಟಿ ಮೊದಲೇ ಅಲ್ಲಿದ್ರು ಅನ್ಸತ್ತೆ," ಮಗಳು ಮೆಲ್ಲಗೆ ಹೇಳಿದಳು. "ಅದಕ್ಕೆ ಅವರನ್ನ ಸೇರಿಸಿಲ್ಲ. ಎರಡೇ ಸೇರ್ಸಿದೆ."

ಎಷ್ಟು ದಿನವಾಯಿತು ಇದು ಸಿಕ್ಕಿ ಎಂದು ಕೇಳಿದೆ. ಐದು ವಾರ ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಂಗೆ ಗೊತ್ತಿರ್ಬಹುದು, ನನ್ನಿಂದ ಮುಚ್ಚಿಡ್ತಿದ್ದೀಯೇನೋ ಅಂದ್ಕೊಂಡೆ. ಆಮೇಲೆ ನಿಂಗೂ ಗೊತ್ತಿಲ್ಲ ಅನ್ನಿಸ್ತು. ಆಮೇಲೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ನಾನು ಅವಳನ್ನು ಹತ್ತಿರ ಎಳೆದುಕೊಂಡೆ. ಅವಳು ಬಂದಳು, ಆದರೆ ಮೈಯನ್ನು ಕಟ್ಟಿಗೆಯ ಹಾಗೆ ಬಿಗಿ ಹಿಡಿದಿದ್ದಳು. ಐದು ವಾರ ಒಂದೇ ಮೇಜಿನ ಮೇಲೆ ಊಟ ಮಾಡಿದ್ದೆವು. ಅವಳು ನನ್ನ ಜೊತೆ ಕೂತು ದಾರ ಅಂಟಿಸಿದ್ದಳು. ಗಂಡ ನನಗೆ ಮಾಡಿದ್ದು ಆ ಹೊತ್ತಿನಲ್ಲಿ ನನ್ನ ತಲೆಗೆ ಪೂರ್ತಿ ಇಳಿಯಲೇ ಇಲ್ಲ. ಈ ಮಗು ಒಬ್ಬಳೇ ಇದನ್ನು ಹೊತ್ತುಕೊಂಡು ದಿನಾ ಬ್ಯಾಗು ಹಾಕಿಕೊಂಡು ಸ್ಕೂಲಿಗೆ ಹೋಗಿ ಬಂದಳಲ್ಲ ಎಂಬುದಷ್ಟೇ ತಿರುಗಿ ತಿರುಗಿ ಬರುತ್ತಿತ್ತು.

ಮರುದಿನ ಒಂಬತ್ತಕ್ಕೆ ಫೋನ್ ಬಂತು. ಯಾವಾಗಲೂ ಮಗಳು ಎತ್ತುತ್ತಿದ್ದಳು. ಆ ದಿನ ನಾನು ಎತ್ತಿದೆ.

"ನಿಮ್ಮ ಪಿಕ್ನಿಕ್ ಫೋಟೊ ನೋಡಿದೆ," ಅಂದೆ.

"ಯಾವ ಫೋಟೊ?"

"ಕೂಸು ಎತ್ತಿಕೊಂಡಿದ್ದೀರಿ."

"ನಾನೇ ಹೇಳಬೇಕು ಅಂತ ಇದ್ದೆ. ಪ್ರತಿ ವಾರ ಇವತ್ತು ಹೇಳ್ತೇನೆ ಅಂತಲೇ ಫೋನ್ ಮಾಡ್ತಿದ್ದೆ."

"ಎಷ್ಟು ತಿಂಗಳು?"

"ಐದು."

"ಹೆಸರೇನು ಇಟ್ಟಿರಿ?"

ಅವರು ಹೇಳಿದರು. ಅದು ಅವರ ತಾಯಿಯ ಹೆಸರು. ನಮ್ಮ ಮಗಳು ಹುಟ್ಟಿದಾಗ ಅದೇ ಹೆಸರಿಡೋಣ ಎಂದು ನಾನು ಹೇಳಿದ್ದೆ. ಹಳೇ ಕಾಲದ್ದು, ಸ್ಕೂಲಿನಲ್ಲಿ ಮಕ್ಕಳು ನಗುತ್ತಾರೆ, ಬೇಡ ಎಂದವರು ಅವರೇ. ಆ ಹೆಂಗಸಿಗಿಂತ, ಆ ಕೂಸಿಗಿಂತ, ಆ ಹೆಸರು ನನಗೆ ಚುಚ್ಚಿದ್ದು ಯಾಕೆ ಎಂದು ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

"ನಿನಗೆ ಯಾರು ತೋರಿಸಿದ್ರು?" ಎಂದು ಕೇಳಿದರು.

"ನಿಮ್ಮ ಮಗಳು. ಐದು ವಾರದಿಂದ ಅವಳ ಹತ್ರ ಉಂಟು. ಅದಾದ ಮೇಲೂ ಪ್ರತಿ ಭಾನುವಾರ ನಿಮ್ಮ ಹತ್ರ ಮಾತಾಡಿದ್ದಾಳೆ."

ಆಗ ಅವರು ಅತ್ತರು. ಅವರು ಅಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೆಮ್ಮಿನ ಹಾಗೆ ಇತ್ತು. ಅವಳಿಗೆ ಫೋನ್ ಕೊಡು ಎಂದರು. ಅವಳು ಬಾಗಿಲಲ್ಲಿ ನಿಂತಿದ್ದಳು. ನಾನು ರಿಸೀವರ್ ಚಾಚಿದೆ, ಅವಳು ತಲೆ ಅಲ್ಲಾಡಿಸಿದಳು.

"ಅವಳಿಗೆ ಬೇಡವಂತೆ," ಎಂದು ಹೇಳಿ ಇಟ್ಟೆ.

ಚಾರ್ಟನ್ನು ಮುಗಿಸುವುದು ಬೇಡ, ಟೀಚರ್‌ಗೆ ನಾನು ಹೇಳುತ್ತೇನೆ ಎಂದೆ. ಅವಳು ಕೇಳಲಿಲ್ಲ. ಅವತ್ತೇ ಮಧ್ಯಾಹ್ನ ಕೂತು ಐದನ್ನು ಅಳಿಸಿ ಮೂರು ಮಾಡಿ ಪೆನ್ನಿನಿಂದ ತಿದ್ದಿದಳು. ಟೀಚರಿಗೆ ಬೇಕಾಗಿರುವುದು ಗಣತಿಯ ಲೆಕ್ಕ ಅಷ್ಟೇ ಎಂದಳು. ಪಕ್ಕದಲ್ಲಿ ಉಳಿದದ್ದನ್ನೂ ತುಂಬಿಸಿದಳು: ಜನ ಕಡಿಮೆ, ಕಾಡು ಹೆಚ್ಚು. ವಯಸ್ಸಾದವರು ಹೆಚ್ಚು, ಮಕ್ಕಳು ಕಡಿಮೆ. ಬಹಳ ಮಂದಿ ಬಿಳಿಯರು, ಹೊರಗಿನಿಂದ ಬಂದವರು ಕೆಲವರೇ.

ಮಾತಾಡುವ ದಿನ ನಾನು ಕೆಲಸಕ್ಕೆ ರಜೆ ಹಾಕಿ ಹೋದೆ. ಸ್ಕೂಲಿನ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆ ತುಂಬ ಚಾರ್ಟುಗಳು. ಅವಳು ಎರಡು ಜಡೆ ಹಾಕಿಕೊಂಡು, ಕೈ ಹಿಂದೆ ಕಟ್ಟಿ ನಿಂತು ತಡವರಿಸದೆ ಮಾತಾಡಿದಳು. ಕೊನೆಗೆ ಅವಳ ಟೀಚರ್, ತುಂಬಾ ಮೃದು ಸ್ವಭಾವದ ಹೆಂಗಸು, ಏನೂ ತಿಳಿಯದೆ ಕೇಳಿದರು: "ಅಷ್ಟು ದೂರದ ರಾಜ್ಯವನ್ನ ಯಾಕೆ ಆರಿಸಿಕೊಂಡೆ?"

ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಅಮೆರಿಕದಲ್ಲಿ ಒಂದೇ ಒಂದು ರಾಜ್ಯದ ಜೊತೆ ಗಡಿ ಇರೋ ರಾಜ್ಯ ಅದೊಂದೇ," ಎಂದಳು. "ಉಳಿದ ಕಡೆಯೆಲ್ಲ ಬೇರೆ ದೇಶ, ಇಲ್ಲ ಸಮುದ್ರ. ಅದು ನಂಗೆ ಇಂಟರೆಸ್ಟಿಂಗ್ ಅನ್ನಿಸ್ತು."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ನನ್ನ ಅಣ್ಣ ಇದ್ದ, ಆಸ್ಪತ್ರೆಯಲ್ಲಿ ನರ್ಸ್. ವಿಷಯ ಹೇಳಿದಾಗ ಅವನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಟರ್ಮ್ ಯಾವಾಗ ಮುಗೀತದೆ?" ಎಂದಷ್ಟೇ ಕೇಳಿದ. ಡಿಸೆಂಬರಿನಲ್ಲಿ ಒಂದು ಶನಿವಾರ ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಸಿಡ್ನಿಯಿಂದ ತಾನೇ ಓಡಿಸಿಕೊಂಡು ಬಂದ. ಸಾಮಾನು ಕಟ್ಟುವಾಗ ಕಪಾಟಿನಲ್ಲಿ ಗಂಡನ ಬಟ್ಟೆಗಳಿದ್ದವು. ಅಣ್ಣ ಅವನ್ನು ನೋಡಿ ನನ್ನನ್ನು ನೋಡಿದ. ನಾನು ಒಂದೊಂದನ್ನೂ ಮಡಿಸಿ ಪೆಟ್ಟಿಗೆಗೆ ಹಾಕಿದೆ. ಎಸೆಯುವಷ್ಟು ಸಿಟ್ಟು ಆಗ ನನ್ನಲ್ಲಿರಲಿಲ್ಲ, ಇನ್ನೂ ಏನನ್ನೋ ಕಾಯುತ್ತಿದ್ದೆ. ಆ ಪೆಟ್ಟಿಗೆ ಅಣ್ಣನ ಗ್ಯಾರೇಜಿನಲ್ಲಿ ಎರಡು ವರ್ಷ ಇತ್ತು, ಆಮೇಲೆ ಅತ್ತಿಗೆ ನನ್ನನ್ನು ಕೇಳದೆ ದಾನಕ್ಕೆ ಕೊಟ್ಟರು. ಒಳ್ಳೆಯದೇ ಆಯಿತು.

ಅಣ್ಣನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾವಿದ್ದೆವು. ನನಗೆ ಅಲ್ಲೇ ಹತ್ತಿರದಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತು. ಲಿವರ್‌ಪೂಲ್‌ನಲ್ಲಿ ಹತ್ತಾರು ದೇಶಗಳ ಜನ. ಅರಬ್ಬಿ ಮಾತಾಡುವ ಅಜ್ಜಿಯರು, ವಿಯೆಟ್ನಾಮಿನ ಮುದುಕರು, ಹಿಂದಿ ಮಾತಾಡುವ ಫಿಜಿ ದೇಶದವರು ತೋಳು ಚಾಚಿ ಕೂರುತ್ತಿದ್ದರು. ನರ ಹುಡುಕುವಾಗ ನನ್ನ ಮನಸ್ಸು ಬೇರೆಲ್ಲೂ ಹೋಗುತ್ತಿರಲಿಲ್ಲ. ದಿನದಲ್ಲಿ ನೆಮ್ಮದಿ ಎನ್ನುವುದು ಇದ್ದರೆ ಅಷ್ಟೇ ಹೊತ್ತು.

ಗಂಡನಿಂದ ವಿಚ್ಛೇದನದ ಕಾಗದಪತ್ರ ಬಂದವು, ಸಹಿ ಹಾಕಿದೆ. ಆದರೆ ಒಂದು ಕೆಲಸ ಮಾತ್ರ ಮಾಡಲಾಗಲಿಲ್ಲ. ಅತ್ತೆಗೆ ಹೇಳಲಾಗಲಿಲ್ಲ. ಅವರು ಮಲ್ಪೆಯಲ್ಲಿ ದೊಡ್ಡ ಮಗನ ಜೊತೆ ಇದ್ದರು. ತಿಂಗಳಿಗೊಮ್ಮೆ ನಾನು ಫೋನ್ ಮಾಡುತ್ತಿದ್ದೆ. ಮಗ ಹೇಗಿದ್ದಾನೆ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾರೆ, ಕೆಲಸ ಜಾಸ್ತಿ ಎನ್ನುತ್ತಿದ್ದೆ. ಹೇಳಬೇಕಾದದ್ದು ಅವರ ಮಗ, ನಾನಲ್ಲ ಎಂಬ ಹಟವೂ ಇತ್ತು. ಆ ಮುದುಕಿಯ ದನಿ ಕೇಳಿದಾಗ ಬಾಯಿ ಬರುತ್ತಿರಲಿಲ್ಲ ಎಂಬುದೂ ನಿಜ.

ಮೂರು ವರ್ಷದ ಮೇಲೆ ಗಂಡ ಯಾವುದೋ ಸಮ್ಮೇಳನಕ್ಕೆಂದು ಸಿಡ್ನಿಗೆ ಬಂದರು. ಮಗಳನ್ನು ನೋಡಬೇಕು ಎಂದು ಇಮೇಲ್ ಮಾಡಿದರು. ಅವಳಿಗೆ ಆಗ ಹದಿನಾಲ್ಕು. ನಿನಗೆ ಇಷ್ಟ ಇದ್ದರೆ ಮಾತ್ರ ಎಂದೆ. ಎರಡು ದಿನ ಯೋಚಿಸಿ, ಹೋಗೋಣ, ಆದರೆ ನೀನೂ ಕೂರಬೇಕು ಎಂದಳು.

ಸರ್ಕ್ಯುಲರ್ ಕೀ ಬಂದರಿನ ಹತ್ತಿರ, ಫೆರಿ ದೋಣಿಗಳು ಕಾಣುವ ಒಂದು ಕಾಫಿ ಅಂಗಡಿಯಲ್ಲಿ ಕೂತೆವು. ಅವರು ದಪ್ಪಗಾಗಿದ್ದರು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವಳನ್ನು ಅಪ್ಪಿಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತರು. ಅವಳು ಕುರ್ಚಿ ಎಳೆದು ಕೂತಳು. ಅವರು ಇಂಗ್ಲಿಷ್‌ನಲ್ಲೇ ಶುರು ಮಾಡಿದರು: ಸ್ಕೂಲ್ ಹೇಗಿದೆ, ಯಾವ ಸಬ್ಜೆಕ್ಟ್ ಇಷ್ಟ.

"ಚೆನ್ನಾಗಿದೆ," ಎಂದಳು ಮಗಳು ಕನ್ನಡದಲ್ಲಿ. "ನೀವು ಹೇಗಿದ್ದೀರಿ? ಪ್ರಯಾಣ ತುಂಬಾ ಉದ್ದ ಆಯ್ತಾ?"

ಅವರ ಕೈ ಕಪ್ಪಿನ ಮೇಲೆ ನಿಂತುಬಿಟ್ಟಿತು. ಕನ್ನಡದಲ್ಲೇ ಮಾತಾಡುತ್ತಿದ್ದ ಪುಟ್ಟ ವಯಸ್ಸಿನಲ್ಲಿ ಅವಳು ಅಪ್ಪನನ್ನು ನೀನು ಎಂದೇ ಕರೆದವಳು. 'ನೀವು' ಏನಿದ್ದರೂ ಅಣ್ಣನ ಮನೆಗೆ ಬರುವ ಅತಿಥಿಗಳಿಗೆ, ಹಬ್ಬದ ದಿನ ಸಿಗುವ ಅಂಕಲ್ ಆಂಟಿಯರಿಗೆ. ಅವಳ ಕನ್ನಡ ಮುರುಕುಮುರುಕಾಗಿತ್ತು. ಪದ ಸಿಗದಾಗ ನಿಂತು ಹುಡುಕುತ್ತಿದ್ದಳು. ಆದರೂ ಇಂಗ್ಲಿಷ್‌ಗೆ ಹೋಗಲಿಲ್ಲ.

"ನನಗೆ ನೀವು ಅಂತೀಯಲ್ಲ ಮಗಾ," ಎಂದರು, ಈಗ ಕನ್ನಡದಲ್ಲಿ.

"ತುಂಬಾ ದಿನ ಆಯ್ತಲ್ಲ, ಅದಕ್ಕೆ."

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಅವರಿಗೂ ಸುಲಭವಾಗುತ್ತಿತ್ತು, ನನಗೂ. ಅವರು ಜೇಬಿನಿಂದ ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಗುಂಗುರು ಕೂದಲಿನ, ಹಳದಿ ರೇನ್‌ಕೋಟ್ ಹಾಕಿದ ಒಂದು ಪುಟ್ಟ ಹುಡುಗಿ. ಮಗಳು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಇವಳಿಗೆ ಕನ್ನಡ ಬರ್ತದಾ?"

"ಇಲ್ಲ. ಅಲ್ಲಿ ಮಾತಾಡೋರು ಯಾರೂ ಇಲ್ಲ."

"ಮತ್ತೆ ಅಜ್ಜಿ ಫೋನ್ ಮಾಡಿದಾಗ ಏನು ಮಾಡ್ತಾಳೆ?"

ಅವರು ಫೆರಿಗಳ ಕಡೆ ನೋಡಿದರು. "ಅಜ್ಜಿಗೆ ಇನ್ನೂ ಹೇಳಿಲ್ಲ."

ಮಗಳು ಫೋಟೊವನ್ನು ಮೆಲ್ಲಗೆ ಅವರ ಕಡೆ ಸರಿಸಿದಳು. "ಈ ವಾರ ನಿಮ್ಮ ಅಮ್ಮನಿಗೆ ಹೇಳಿ," ಅಂದೆ. "ನನ್ನಿಂದ ಇನ್ನು ಸುಳ್ಳು ಹೇಳಲಿಕ್ಕೆ ಆಗೋದಿಲ್ಲ. ಅವರ ಹೆಸರಿನ ಮಗು ಒಂದು ಉಂಟು ಅಂತ ಅವರಿಗೆ ಗೊತ್ತಾಗಬೇಕು."

ತಲೆಯಾಡಿಸಿದರು. ಹೇಳಿದರು ಕೂಡ, ಆ ಶುಕ್ರವಾರ. ಅವತ್ತೇ ಸಂಜೆ ಅತ್ತೆ ದೊಡ್ಡ ಮಗನ ಕೈಯಲ್ಲಿ ನಂಬರ್ ಒತ್ತಿಸಿ ನನಗೆ ಫೋನ್ ಮಾಡಿದರು. "ನೀನು ಊಟ ಮಾಡಿದ್ಯಾ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. "ಮಾಡು," ಎಂದು ಇಟ್ಟರು. ಅದೆಲ್ಲ ಆಮೇಲಿನದು.

ಆ ದಿನ ಕಾಫಿ ಅಂಗಡಿಯಿಂದ ಎದ್ದಾಗ ಅವರು ಮಗಳ ತಲೆಯ ಮೇಲೆ ಕೈಯಿಟ್ಟರು. ಅವಳು ಸುಮ್ಮನೆ ನಿಂತಳು, ತೆಗೆಯಲಿಲ್ಲ, ಒರಗಲೂ ಇಲ್ಲ. ಅವರು ಜನರ ನಡುವೆ ನಡೆದು ಹೋಗುವುದನ್ನು ಇಬ್ಬರೂ ನೋಡಿದೆವು. ಒಂದು ಸಲ ತಿರುಗಿದರು. ಎರಡನೇ ಸಲ ತಿರುಗುತ್ತಾರೆಂದು ನಾನು ಕಾದೆ.

ಲಿವರ್‌ಪೂಲ್ ಟ್ರೇನಿನಲ್ಲಿ ಕಿಟಕಿಯ ಪಕ್ಕ ಎದುರುಬದುರು ಸೀಟು ಸಿಕ್ಕಿತು. ಗ್ರ್ಯಾನ್‌ವಿಲ್ ಸ್ಟೇಷನ್ ದಾಟಿತು. ನಾನು ಕೈಚೀಲದ ಜಿಪ್ ತೆರೆಯುತ್ತಾ ಮುಚ್ಚುತ್ತಾ ಕೂತಿದ್ದೆ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು.

"ಅಮ್ಮ," ಎಂದಳು. "ಅಳಬೇಕು ಅನ್ನಿಸಿದ್ರೆ ಅಳು. ನಾನು ಆ ಕಡೆ ನೋಡ್ತೀನಿ."

ಹೇಳಿ, ನಿಜವಾಗಿಯೂ ಕಿಟಕಿಯ ಕಡೆ ತಿರುಗಿ ಗಾಜಿಗೆ ಹಣೆ ಒತ್ತಿ ಕೂತಳು. ನಾನು ಅತ್ತುಬಿಟ್ಟೆ. ಸೆರಗಿಲ್ಲದ ಬಟ್ಟೆ, ಮುಖ ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ಫೇರ್‌ಫೀಲ್ಡ್ ಬಂತು, ಜನ ಇಳಿದರು, ಹತ್ತಿದರು. ಪಕ್ಕಕ್ಕೆ ಬಂದು ಕೂತ, ತಲೆಗೆ ಸ್ಕಾರ್ಫ್ ಕಟ್ಟಿದ ಒಬ್ಬ ಹಿರಿಯ ಹೆಂಗಸು ಏನೂ ಕೇಳದೆ ತನ್ನ ಚೀಲದಿಂದ ಟಿಶ್ಯೂ ಪೊಟ್ಟಣ ತೆಗೆದು ನನ್ನ ಮಡಿಲಲ್ಲಿಟ್ಟಳು. ಕ್ಯಾಬ್ರಮಟ್ಟಾದಲ್ಲಿ ಇಳಿದು ಹೋದಳು, ಪೊಟ್ಟಣ ವಾಪಸು ತೆಗೆದುಕೊಳ್ಳಲಿಲ್ಲ. ನಮ್ಮ ಸ್ಟೇಷನ್ ಬರಲು ಇನ್ನೂ ಸ್ವಲ್ಪ ಇತ್ತು. ಮಗಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅವಳ ಉಸಿರಿಗೆ ಗಾಜು ಮಸುಕಾಗಿತ್ತು, ಭುಜ ಮೆಲ್ಲಗೆ ಅಲುಗುತ್ತಿತ್ತು. ನಾನು ಎದ್ದು ಅವಳ ಪಕ್ಕದ ಸೀಟಿಗೆ ಹೋಗಿ ಕೂತೆ.